ಏರಿಯ ಒಳಗಿನ ಮರಳು



ಅಣೆಕಟ್ಟೆಯ ಸುರಕ್ಷತೆಯ ಮಾತು ಬಂದಾಗಲೆಲ್ಲ ನಾವು ತುಂಗಭದ್ರೆ, ಕನ್ನಂಬಾಡಿ, ಆಲಮಟ್ಟಿಗಳ ಹೆಸರೆತ್ತುತ್ತೇವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೆಯ ಕ್ರೆಸ್ಟ್ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ಇಡೀ ರಾಜ್ಯ ಎಚ್ಚೆತ್ತು ಕೂತಿತ್ತು. ದೊಡ್ಡ ಕಟ್ಟೆಗೆ ಮಂಡಳಿ ಇದೆ, ಕಾವಲಿದೆ, ಏನಾದರೂ ಆದರೆ ಗಂಟೆಯೊಳಗೆ ಕ್ಯಾಮೆರಾ ಬರುತ್ತದೆ. ಸಣ್ಣ ಕಟ್ಟೆ ಒಡೆದರೆ ಕೆಳಗಿನ ಊರಿಗೆ ಮಾತ್ರ ಗೊತ್ತಾಗುತ್ತದೆ, ಅದೂ ನೀರು ಮನೆಯೊಳಕ್ಕೆ ಬಂದ ಮೇಲೆ. ನಾನು ಇವತ್ತು ಅಂಥದೊಂದು ಸಣ್ಣ ಕಟ್ಟೆಯ ಕಥೆಯನ್ನು ವಿವರವಾಗಿ ಹೇಳಬೇಕೆಂದಿದ್ದೇನೆ. ಅದು ಇರುವುದು, ಅಲ್ಲ, ಇದ್ದದ್ದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ. ಹೆಸರು ಈಡನ್‌ವಿಲ್. ಇಷ್ಟು ದೂರದ ಕಟ್ಟೆಯನ್ನು ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಒಡೆದ ಮೇಲೆ ಅದನ್ನು ಐವರು ಸ್ವತಂತ್ರ ತಜ್ಞರು ಸುಮಾರು ಎರಡು ವರ್ಷ ಕೂತು ಬಗೆದು ನೋಡಿದರು. ಮಣ್ಣನ್ನು ಮಾತ್ರವಲ್ಲ, ಕಡತಗಳನ್ನೂ ಕಚೇರಿಗಳ ನಡೆನುಡಿಗಳನ್ನೂ ನೋಡಿದರು. ಒಂದು ಕಟ್ಟೆಯ ಸಾವಿಗೆ ಇಷ್ಟು ನಿಷ್ಠುರವಾದ ಮರಣೋತ್ತರ ಪರೀಕ್ಷೆ ನಡೆಯುವುದು ಅಪರೂಪ. ನಮ್ಮಲ್ಲಂತೂ ಕೆರೆ ಒಡೆದರೆ ಮಳೆಯ ಮೇಲೆ ಹಾಕಿ ಕಡತ ಮುಚ್ಚುವುದೇ ರೂಢಿ.

ಈಡನ್‌ವಿಲ್ ಕಟ್ಟೆಯನ್ನು 1924ರ ಹೊತ್ತಿಗೆ ಕಟ್ಟಿ ಮುಗಿಸಿದರು. ಟಿಟಬವಾಸಿ ಮತ್ತು ಟೊಬ್ಯಾಕೊ ಎಂಬ ಎರಡು ಹೊಳೆಗಳು ಕೂಡುವಲ್ಲಿ ಮಣ್ಣಿನ ಏರಿ, ಹೆಚ್ಚೆಂದರೆ 54 ಅಡಿ ಎತ್ತರ. ಹಿಂದೆ ನಿಂತ ನೀರಿಗೆ ವಿಕ್ಸಮ್ ಲೇಕ್ ಎಂದು ಹೆಸರಾಯಿತು. ಉದ್ದೇಶ ಜಲವಿದ್ಯುತ್ತು, ಉತ್ಪಾದನೆ ಐದು ಮೆಗಾವ್ಯಾಟ್ ಕೂಡ ಇಲ್ಲ. ಒಂದೇ ಹೊಳೆಯ ಸಾಲಿನಲ್ಲಿ ಒಂದೇ ಕಂಪನಿಯ ನಾಲ್ಕು ಕಟ್ಟೆಗಳು: ಮೇಲಿನಿಂದ ಸೆಕಾರ್ಡ್, ಸ್ಮಾಲ್‌ವುಡ್, ಈಡನ್‌ವಿಲ್, ಕೊನೆಗೆ ಸ್ಯಾನ್‌ಫರ್ಡ್. ಅದರ ಕೆಳಗೆ ಮಿಡ್‌ಲ್ಯಾಂಡ್ ನಗರ, ಡೌ ಕೆಮಿಕಲ್ ಕಂಪನಿಯ ತವರು. ಕಾಲ ಕಳೆದಂತೆ ಲೇಕಿನ ದಡದಲ್ಲಿ ಮನೆಗಳಾದವು, ದೋಣಿಕಟ್ಟೆಗಳಾದವು. ವಿದ್ಯುತ್ತಿಗಾಗಿ ನಿಲ್ಲಿಸಿದ ನೀರು ದಡದವರ ಆಸ್ತಿಯ ಬೆಲೆಯಾಯಿತು. ಈ ಮಾತನ್ನು ಮುಂದೆ ನೆನಪಿಟ್ಟುಕೊಳ್ಳಬೇಕು.

2020ರ ಮೇ ತಿಂಗಳ ಮೂರನೆಯ ವಾರ ಅಲ್ಲಿ ಜೋರು ಮಳೆ ಹಿಡಿಯಿತು. ಜೋರು ಹೌದು, ಕಂಡುಕೇಳರಿಯದ ಪ್ರಳಯವೇನಲ್ಲ. ಲೇಕಿನ ನೀರು ಎಂದಿನ ಮಟ್ಟಕ್ಕಿಂತ ಸುಮಾರು ಐದೂವರೆ ಅಡಿ ಏರಿತು. ಅದರ ಸುಮಾರು ನೂರು ವರ್ಷದ ಆಯುಸ್ಸಿನಲ್ಲಿ ಅಷ್ಟು ಎತ್ತರಕ್ಕೆ ಏರಿದ್ದೇ ಇಲ್ಲ. ಮೇ 19ರ ಸಂಜೆ ಐದೂವರೆಯ ಸುಮಾರಿಗೆ ಏರಿಯ ಪೂರ್ವದ ತುದಿಯ ಹತ್ತಿರ ಒಂದು ಭಾಗ ಕುಸಿಯಿತು. ಹತ್ತಿರದ ನಿವಾಸಿಯೊಬ್ಬರು ಅದನ್ನು ಫೋನಿನಲ್ಲಿ ಸೆರೆ ಹಿಡಿದಿದ್ದಾರೆ. ಏರಿಯ ಹಿಂದಿನ ಇಳಿಜಾರು ಹುಲ್ಲು ಹೊದ್ದು ತಣ್ಣಗೆ ನಿಂತಿದೆ. ಕ್ಷಣದಲ್ಲಿ ಅದರ ಬುಡ ಉಬ್ಬುತ್ತದೆ, ನೆತ್ತಿ ಕುಗ್ಗುತ್ತದೆ, ಇಡೀ ಇಳಿಜಾರು ದ್ರವದಂತೆ ಮುಂದಕ್ಕೆ ಹರಿಯುತ್ತದೆ. ಕೆಲವೇ ಸೆಕೆಂಡುಗಳ ಮಾತು. ನೀರು ನೆತ್ತಿಯ ಮೇಲೆ ಹತ್ತಿ ಹರಿದಿರಲಿಲ್ಲ. ಏರಿ ಒಡೆದಾಗ ನೀರು ಇನ್ನೂ ನೆತ್ತಿಗಿಂತ ಕೆಳಗೇ ಇತ್ತು. ಆ ನೀರು ಹೋಗಿ ಸ್ಯಾನ್‌ಫರ್ಡ್ ಕಟ್ಟೆಯ ಮೇಲೆ ಹತ್ತಿ ಅದನ್ನೂ ಒಡೆಯಿತು. ಮಾರನೆಯ ದಿನ ಮಿಡ್‌ಲ್ಯಾಂಡಿನಲ್ಲಿ ಹೊಳೆ 35 ಅಡಿಯ ಮಟ್ಟ ಮುಟ್ಟಿತು, 1986ರ ದಾಖಲೆಯನ್ನು ದಾಟಿ. ಸುಮಾರು 10,000 ಜನ ಮನೆ ಬಿಟ್ಟು ಓಡಬೇಕಾಯಿತು, ಅದೂ ಕೋವಿಡ್‌ನ ಮೊದಲ ಅಲೆಯ ನಡುವೆ. 2,500ರಷ್ಟು ಕಟ್ಟಡಗಳಿಗೆ ಹಾನಿಯಾಯಿತು. ಯಾರೂ ಸಾಯಲಿಲ್ಲ. ಹಗಲು ಹೊತ್ತಾಗಿತ್ತು, ಎಚ್ಚರಿಕೆ ಮೊದಲೇ ಹೋಗಿತ್ತು, ಜನ ಮಾತು ಕೇಳಿದರು.

ಏನಾಯಿತು ಎಂಬುದಕ್ಕೆ ತಜ್ಞರ ಉತ್ತರ ಸ್ಪಷ್ಟ: ಸ್ಥಿರ ದ್ರವೀಕರಣ. ಸಡಿಲವಾಗಿ ಸುರಿದ ಮರಳು ಒಣಗಿದ್ದಾಗ ನಿಲ್ಲುತ್ತದೆ, ನೀರು ಹೀರಿದಾಗಲೂ ಬಹುಕಾಲ ನಿಲ್ಲುತ್ತದೆ. ಸೇರಿಗೆ ಸಡಿಲವಾಗಿ ರಾಗಿ ಸುರಿದು ಒಮ್ಮೆ ಕುಟ್ಟಿದರೆ ಕಾಳು ಒಂದರ ಮಗ್ಗುಲಿಗೊಂದು ಸರಿದು ಮಟ್ಟ ಇಳಿಯುತ್ತದಲ್ಲ, ಮರಳಿನ ಕಾಳೂ ಭಾರ ಹೆಚ್ಚಾದಾಗ ಹಾಗೆಯೇ ಒತ್ತಾಗಲು ನೋಡುತ್ತದೆ. ಆದರೆ ನಡುವಿನ ಸಂದಿಗಳಲ್ಲಿ ನೀರು ತುಂಬಿದೆ, ಅದಕ್ಕೆ ಹೊರಗೆ ಹೋಗಲು ಪುರಸೊತ್ತಿಲ್ಲ. ಭಾರವೆಲ್ಲ ಕಾಳಿನಿಂದ ನೀರಿನ ಮೇಲೆ ಬೀಳುತ್ತದೆ. ಕಾಳಿಗೆ ಕಾಳಿನ ಹಿಡಿತ ತಪ್ಪುತ್ತದೆ. ಆಮೇಲೆ ಅದು ಮಣ್ಣಲ್ಲ, ದ್ರವ. ಭೂಕಂಪ ಬೇಕಿಲ್ಲ, ನೀರಿನ ಮಟ್ಟ ಹಿಂದೆಂದೂ ಮುಟ್ಟದ ಎತ್ತರ ಮುಟ್ಟಿದರೆ ಸಾಕು. ಬ್ರೆಜಿಲಿನ ಬ್ರುಮಾಡಿನ್ಯೊದಲ್ಲಿ 2019ರ ಜನವರಿ 25ರಂದು ಗಣಿತ್ಯಾಜ್ಯದ ಕಟ್ಟೆ ಕರಗಿ ಸುಮಾರು 270 ಜನರನ್ನು ಕೊಂದದ್ದೂ ಈ ಜಾತಿಯ ಕುಸಿತವೇ. ನೀರಾವರಿ ಕಟ್ಟೆಗಳ ಎಂಜಿನಿಯರುಗಳು ಅದನ್ನು ಗಣಿಯವರ ಸಮಸ್ಯೆ ಎಂದುಕೊಂಡಿದ್ದರು.

ಆ ಸಡಿಲ ಮರಳು ಏರಿಯೊಳಕ್ಕೆ ಬಂದದ್ದು ಹೇಗೆ? ಕಟ್ಟುವಾಗಲೇ ಇತ್ತು. ನಕ್ಷೆಯಲ್ಲಿ ಬರೆದದ್ದಕ್ಕಿಂತ ಇಳಿಜಾರು ಕಡಿದಾಗಿತ್ತು, ಮಣ್ಣನ್ನು ಪದರ ಪದರವಾಗಿ ಹಾಕಿ ಒತ್ತಿರಲಿಲ್ಲ. ಆ ಕಾಲದವರನ್ನು ಬೈಯುವ ಮೊದಲು ಒಂದೆರಡು ವರ್ಷಗಳನ್ನು ನೆನೆಯೋಣ. ಮಣ್ಣಿನ ಯಂತ್ರವಿಜ್ಞಾನಕ್ಕೆ ಅಡಿಪಾಯ ಹಾಕಿದ ಕಾರ್ಲ್ ಟೆರ್ಜಾಗಿಯ ಪುಸ್ತಕ ಬಂದದ್ದು 1925ರಲ್ಲಿ. ಮಣ್ಣು ಎಷ್ಟು ಒತ್ತಾಗಿದೆ ಎಂದು ಅಳೆಯಲು ಇಂದಿಗೂ ಎಲ್ಲ ಕಾಮಗಾರಿಯಲ್ಲೂ ಬಳಸುವ ಪ್ರಾಕ್ಟರ್ ಪರೀಕ್ಷೆ ಬಂದದ್ದು 1933ರಲ್ಲಿ. ಈಡನ್‌ವಿಲ್ ಆ ಜ್ಞಾನ ಹುಟ್ಟುವ ಮೊದಲೇ ನಿಂತ ಕಟ್ಟೆ. ಕಟ್ಟಿದವರಿಗೆ ಗೊತ್ತಿರಲಿಲ್ಲ ಎನ್ನೋಣ. ಆದರೆ ಆಮೇಲಿನ 90 ವರ್ಷಗಳಲ್ಲಿ ಬಂದು ಹೋದ ತಪಾಸಣೆಗಾರರಿಗೆ ಆ ಜ್ಞಾನವೆಲ್ಲ ಕೈಯಳತೆಯಲ್ಲೇ ಇತ್ತು. ಅವರು ಏರಿಯ ಮೇಲೆ ನಡೆದರು, ಜಿನುಗು ನೋಡಿದರು, ಬಿರುಕು ಬರೆದುಕೊಂಡರು, ಗೇಟಿನ ತುಕ್ಕು ಗಮನಿಸಿದರು. ಸ್ಥಿರತೆಯ ಲೆಕ್ಕಗಳೂ ನಡೆದವು. ಒಡೆದ ಜಾಗದ ಹೊಟ್ಟೆಯಲ್ಲಿರುವ ಮರಳು ಎಷ್ಟು ಸಡಿಲ ಎಂಬ ಪ್ರಶ್ನೆಯನ್ನು ಮಾತ್ರ ಆ ಲೆಕ್ಕಗಳು ಮುಟ್ಟಲಿಲ್ಲ. ನೂರು ವರ್ಷ ನಿಂತಿದೆಯಲ್ಲ ಎಂಬುದೇ ಅದರ ಗಟ್ಟಿತನಕ್ಕೆ ಸಾಕ್ಷಿಯಾಗಿಬಿಟ್ಟಿತು. ನಮ್ಮ ಹಳೆಯ ಕೆರೆಗಳ ಬಗ್ಗೆಯೂ ನಾವು ಇದೇ ಮಾತನ್ನು ಹೆಮ್ಮೆಯಿಂದ ಹೇಳುತ್ತೇವೆ. ನೂರು ವರ್ಷ ನಿಂತ ಏರಿ ಸಾಬೀತು ಮಾಡುವುದು ಇಷ್ಟನ್ನೇ: ಈವರೆಗೆ ಬಂದ ನೀರಿಗೆ ಅದು ಸಾಕಾಗಿತ್ತು.

ಇನ್ನು ಮೇಲ್ವಿಚಾರಣೆಯ ಕಥೆ. ಇದು ಮರಳಿನ ಕಥೆಗಿಂತ ಜಟಿಲ.

ಜಲವಿದ್ಯುತ್ ಕಟ್ಟೆಯಾದ್ದರಿಂದ ಈಡನ್‌ವಿಲ್ ಬಹುಕಾಲ ಫೆರ್ಕ್ ಎಂಬ ಕೇಂದ್ರ ಇಂಧನ ನಿಯಂತ್ರಣ ಆಯೋಗದ ಪರವಾನಗಿಯ ಕೆಳಗಿತ್ತು. ಕಟ್ಟೆ ಒಡೆದರೆ ಜೀವಹಾನಿಯಾಗುವ ಸಂಭವ ಇದ್ದುದರಿಂದ, ಗರಿಷ್ಠ ಸಂಭಾವ್ಯ ಪ್ರವಾಹವನ್ನು ಪೂರ್ತಿ ದಾಟಿಸುವಷ್ಟು ಅಗಲದ ಕೋಡಿ ಬೇಕೆಂದು ಫೆರ್ಕ್ ಪಟ್ಟು ಹಿಡಿದಿತ್ತು. ಇದ್ದ ಕೋಡಿ ಅದರ ಅರ್ಧದಷ್ಟನ್ನು ಮಾತ್ರ ಹೊರಬಲ್ಲದು. ವರ್ಷಗಟ್ಟಲೆ ಪತ್ರ ಹೋಯಿತು, ಗಡುವು ಹೋಯಿತು. ಮಾಲೀಕ ಕಂಪನಿ ದುಡ್ಡಿಲ್ಲ ಎಂದಿತು. ಕೊನೆಗೆ 2018ರ ಸೆಪ್ಟೆಂಬರ್ 10ರಂದು ಫೆರ್ಕ್ ಪರವಾನಗಿಯನ್ನೇ ರದ್ದು ಮಾಡಿತು. ಕೇಳಲು ಕಠಿಣ ಕ್ರಮ. ಫಲ ಏನಾಯಿತು ನೋಡಿ. ಪರವಾನಗಿ ಹೋದ ಮೇಲೆ ವಿದ್ಯುತ್ ಮಾರುವಂತಿಲ್ಲ, ಆದ್ದರಿಂದ ಕಟ್ಟೆಯ ಆದಾಯ ನಿಂತಿತು. ವಿದ್ಯುತ್ ಯೋಜನೆಯಲ್ಲವಾದ್ದರಿಂದ ಫೆರ್ಕ್‌ನ ಅಧಿಕಾರವೂ ಮುಗಿಯಿತು. ಏರಿ ಅಲ್ಲೇ ಇತ್ತು, ನೀರು ಅಲ್ಲೇ ಇತ್ತು, ಕೆಳಗಿನ ಊರುಗಳೂ ಅಲ್ಲೇ ಇದ್ದವು. ಮೇಲ್ವಿಚಾರಣೆ ಒಂದೇ ದಿನದಲ್ಲಿ ಮಿಷಿಗನ್ ರಾಜ್ಯದ ಪರಿಸರ ಇಲಾಖೆಯ ಮಡಿಲಿಗೆ ಬಿತ್ತು.

ಆ ಇಲಾಖೆಯಲ್ಲಿ ಅಣೆಕಟ್ಟೆ ಸುರಕ್ಷತೆಗೆಂದು ಇದ್ದವರು ಇಬ್ಬರು ಎಂಜಿನಿಯರುಗಳು ಮತ್ತು ಒಬ್ಬ ಮೇಲ್ವಿಚಾರಕ. ಅವರ ಪಾಲಿಗೆ ಬಂದ ಕಟ್ಟೆಗಳು ಸಾವಿರಕ್ಕೂ ಹೆಚ್ಚು. ನಾನು ಈ ಸಂಖ್ಯೆಯನ್ನು ಓದಿದಾಗ ನನಗೆ ಸಿಟ್ಟು ಬರಲಿಲ್ಲ, ಸಂಕಟವಾಯಿತು, ಏಕೆಂದರೆ ಆ ಮೂವರ ಸ್ಥಿತಿ ನಮ್ಮ ಸಣ್ಣ ನೀರಾವರಿಯ ಯಾವುದೇ ಉಪವಿಭಾಗದಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ರಾಜ್ಯದ ನಿಯಮ ಕೇಳುತ್ತಿದ್ದುದು ಗರಿಷ್ಠ ಸಂಭಾವ್ಯ ಪ್ರವಾಹದ ಅರ್ಧವನ್ನು ಮಾತ್ರ. ಹೀಗಾಗಿ ಸೆಪ್ಟೆಂಬರಿನಲ್ಲಿ ಕೇಂದ್ರದ ಕಣ್ಣಿಗೆ ಪರವಾನಗಿಯೇ ಕಿತ್ತುಕೊಳ್ಳುವಷ್ಟು ಅಪಾಯಕಾರಿಯಾಗಿದ್ದ ಅದೇ ಕಟ್ಟೆ, ಅಕ್ಟೋಬರಿನಲ್ಲಿ ರಾಜ್ಯದ ತಪಾಸಣೆಯಲ್ಲಿ ಸಾಧಾರಣ ಮಟ್ಟಿಗೆ ಸರಿಯಿದೆ ಎನ್ನಿಸಿಕೊಂಡಿತು. ಎರಡು ಮಾತೂ ತಂತಮ್ಮ ನಿಯಮದ ಪ್ರಕಾರ ಸುಳ್ಳಲ್ಲ. ಕಟ್ಟೆಯ ಒಂದು ಮಣ್ಣುಹೆಂಟೆಯೂ ಆ ತಿಂಗಳಲ್ಲಿ ಬದಲಾಗಿರಲಿಲ್ಲ. ಕಡತ ಕೈಬದಲಾಗುವುದು ಬೇರೆ, ಕಡತ ಬರೆದವನ ಆತಂಕ ಕೈಬದಲಾಗುವುದು ಬೇರೆ. ಎರಡನೆಯದಕ್ಕೆ ಯಾವ ಸರ್ಕಾರದಲ್ಲೂ ನಮೂನೆ ಇಲ್ಲ.

ಕಡಪ ಜಿಲ್ಲೆಯ ಪೋರುಮಾಮಿಳ್ಳ ಕೆರೆಯ ಶಾಸನ ಇಲ್ಲಿ ನೆನಪಾಗುತ್ತದೆ. 1369ರದು, ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನ ಕಾಲದ್ದು. ಒಳ್ಳೆಯ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ತಗಲುವ ಆರು ದೋಷಗಳನ್ನೂ ಅದರಲ್ಲಿ ಪಟ್ಟಿ ಮಾಡಿದ್ದಾರೆ. ಏರಿಯಿಂದ ನೀರು ಒಸರುವುದು ಒಂದು ದೋಷ. ಅದನ್ನು ಯಾರೂ ಊಹಿಸಬಹುದು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ಒಂದು ದೋಷ ಎನ್ನುತ್ತದೆ ಆ ಶಾಸನ. ಮಣ್ಣು, ನೀರು, ನೆಲದ ಏರುತಗ್ಗುಗಳ ಪಟ್ಟಿಯೊಳಗೆ ಆಡಳಿತದ ದೋಷವನ್ನೂ ಒಂದು ಭೌತಿಕ ದೋಷದಂತೆಯೇ ಸೇರಿಸಿದ ಆ ದೃಷ್ಟಿಗೆ ನಾನು ತಲೆಬಾಗುತ್ತೇನೆ. ಇಬ್ಬರು ಒಡೆಯರ ನಡುವಿನ ಏರಿಗೆ ಮಣ್ಣು ಹಾಕುವವರು ಯಾರು ಎಂಬ ಪ್ರಶ್ನೆ ಅವರಿಗೆ ಸೋರಿಕೆಯಷ್ಟೇ ನಿಜವಾಗಿತ್ತು. ಈಡನ್‌ವಿಲ್ ಎರಡು ಕೌಂಟಿಗಳ ಗಡಿಯ ಮೇಲೆಯೇ ಇತ್ತು, ಸಾಲದ್ದಕ್ಕೆ ಕೇಂದ್ರ ಮತ್ತು ರಾಜ್ಯ ಎಂಬ ಎರಡು ಅಧಿಕಾರಗಳ ಗಡಿಯನ್ನೂ ದಾಟಿತು.

ಈ ಗಡಿಯ ಜಗಳ ನ್ಯಾಯಾಲಯದ ತನಕ ಹೋಯಿತು. ಕೋಡಿ ಚಿಕ್ಕದಾದ್ದರಿಂದ ಸುರಕ್ಷತೆಗೆಂದು ಲೇಕಿನ ಮಟ್ಟ ಇಳಿಸುತ್ತೇವೆ ಎಂದು ಕಂಪನಿ 2018 ಮತ್ತು 2019ರಲ್ಲಿ ನೀರು ಬಿಟ್ಟಿತು. ದಡದ ಮನೆಯವರಿಗೆ ನೀರು ಬೇಕು. 2019ರಲ್ಲಿ ನ್ಯಾಯಾಲಯ ಲೇಕಿಗೆ ಕಾನೂನುಬದ್ಧ ಮಟ್ಟವನ್ನು ನಿಗದಿ ಮಾಡಿತು. ನೀರು ಇಳಿದಾಗ ಕೆಸರಿನಲ್ಲಿದ್ದ ಸಿಹಿನೀರಿನ ಮಸ್ಸೆಲ್ ಚಿಪ್ಪುಜೀವಿಗಳು ರಾಶಿರಾಶಿಯಾಗಿ ಸತ್ತವು. ಅವು ಸಂರಕ್ಷಿತ ಜೀವಿಗಳು. 2020ರ ಏಪ್ರಿಲ್ ಕೊನೆಯಲ್ಲಿ ಕಂಪನಿ ರಾಜ್ಯದ ಅಧಿಕಾರಿಗಳ ಮೇಲೆ, ರಾಜ್ಯ ಕಂಪನಿಯ ಮೇಲೆ ಮೊಕದ್ದಮೆ ಹೂಡಿದವು. ರಾಜ್ಯದ ದೂರಿನ ವಿಷಯ ಆ ಚಿಪ್ಪುಜೀವಿಗಳು. ಮೂರು ವಾರ ತುಂಬುವ ಮೊದಲೇ ಕಟ್ಟೆ ಒಡೆಯಿತು. ಆ ಜೀವಿಗಳ ಬಗ್ಗೆ ಹಗುರವಾಗಿ ಮಾತನಾಡಲು ನನಗೆ ಇಷ್ಟವಿಲ್ಲ. ಹೊಳೆ ಅವುಗಳದ್ದೂ ಹೌದು. ನನ್ನ ನೋವು ಬೇರೆ. ಒಂದೇ ಇಲಾಖೆಯ ಒಂದು ಕೈಯಲ್ಲಿ ಜೀವಿಗಳ ಕಾನೂನು ಇತ್ತು, ಅದಕ್ಕೆ ವಕೀಲರಿದ್ದರು, ಗಡುವು ಇತ್ತು. ಇನ್ನೊಂದು ಕೈಯಲ್ಲಿ ಕಟ್ಟೆಯ ಸುರಕ್ಷತೆ ಇತ್ತು, ಅದಕ್ಕೆ ಇಬ್ಬರು ಎಂಜಿನಿಯರುಗಳಿದ್ದರು, ಕೋಡಿಯ ಲೆಕ್ಕ ಇನ್ನೂ ನಡೆಯುತ್ತಿತ್ತು. ಲೇಕಿನ ಮಟ್ಟ ಎಷ್ಟಿರಬೇಕು ಎಂದು ಎಲ್ಲರೂ ಕಾದಾಡಿದರು. ಆ ಮಟ್ಟವನ್ನು ಹೊತ್ತು ನಿಂತ ಮಣ್ಣನ್ನು ಕೊರೆದು ನೋಡಿ ಎಂದು ಯಾರೂ ಕೇಳಲಿಲ್ಲ.

ತನಿಖಾ ತಂಡ 2022ರ ಮೇ ತಿಂಗಳಲ್ಲಿ ಅಂತಿಮ ವರದಿ ಕೊಟ್ಟಾಗ ಈ ಕುಸಿತವನ್ನು ಮುಂಚೆಯೇ ಕಾಣಬಹುದಿತ್ತು, ತಡೆಯಬಹುದಿತ್ತು ಎಂದಿತು. ಹಾಗೆಯೇ ಇದನ್ನು ಒಬ್ಬ ವ್ಯಕ್ತಿಯ, ಒಂದು ಸಂಸ್ಥೆಯ ತಲೆಗೆ ಕಟ್ಟಲು ಒಪ್ಪಲಿಲ್ಲ. ಓದಿದವರಲ್ಲಿ ಕೆಲವರಿಗೆ ಅದು ನುಣುಚಿಕೊಳ್ಳುವ ಮಾತಾಗಿ ಕಂಡಿತು. ನಾನು ಅವರ ಜೊತೆಗಿಲ್ಲ. ಮಾಲೀಕ ದುರಾಸೆಯವನು ಎಂದು ಹೇಳಿ ಮುಗಿಸಿದ್ದರೆ ಮುಂದಿನ ಮಾಲೀಕ ಒಳ್ಳೆಯವನಾದರೆ ಸಾಕು ಎಂದಾಗುತ್ತಿತ್ತು. ಒಳ್ಳೆಯ ಮಾಲೀಕನ ಕೈಗೆ ಬಂದಿದ್ದರೂ ಆ ಮರಳು ಸಡಿಲವಾಗಿಯೇ ಇರುತ್ತಿತ್ತು. ಆದರೆ ಕೋಡಿ ಸಾಕಷ್ಟು ಅಗಲವಿದ್ದಿದ್ದರೆ ನೀರು ಆ ಮಟ್ಟಕ್ಕೆ ಏರುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಫೆರ್ಕ್ ಕೇಳಿದ್ದು ಬೇರೆ ಕಾರಣಕ್ಕಾದರೂ, ಕೇಳಿದ್ದು ಸರಿಯಾಗಿಯೇ ಇತ್ತು.

ನಮ್ಮ ಕಡೆಗೆ ಬರುತ್ತೇನೆ. ಅಣೆಕಟ್ಟೆ ಸುರಕ್ಷತಾ ಕಾಯ್ದೆ 2021ರ ಡಿಸೆಂಬರ್ 30ರಂದು ಜಾರಿಗೆ ಬಂತು. 1961ರಲ್ಲಿ ಪುಣೆಯ ಮೇಲಿನ ಪಾನ್‌ಶೆತ್, 1979ರಲ್ಲಿ ಮೋರ್ಬಿಯ ಮೇಲಿನ ಮಚ್ಛು, ಇವೆಲ್ಲ ಒಡೆದು ದಶಕಗಳಾದ ಮೇಲೆ ಬಂದ ಕಾನೂನು, ಬಂದದ್ದು ಒಳ್ಳೆಯದೇ. 15 ಮೀಟರಿಗಿಂತ ಎತ್ತರದ ಕಟ್ಟೆಗಳೆಲ್ಲ ಅದರ ಒಳಗೆ. 10ರಿಂದ 15 ಮೀಟರಿನವು ಉದ್ದ, ಸಂಗ್ರಹ, ಪ್ರವಾಹದಂಥ ಕೆಲವು ಷರತ್ತುಗಳಿಗೆ ಹೊಂದಿದರೆ ಒಳಗೆ. ಮುಂಗಾರಿಗೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ತಪಾಸಣೆ ಕಡ್ಡಾಯ. ಈಡನ್‌ವಿಲ್ ನಮ್ಮಲ್ಲಿದ್ದಿದ್ದರೆ 16 ಮೀಟರ್ ದಾಟುವುದರಿಂದ ಕಾನೂನಿನೊಳಗೆ ಕಷ್ಟಪಟ್ಟು ನುಸುಳುತ್ತಿತ್ತು. ನಮ್ಮ ಬಹುಪಾಲು ಕೆರೆಗಳು ನುಸುಳುವುದಿಲ್ಲ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನವು ಸಣ್ಣ ನೀರಾವರಿ ಇಲಾಖೆಗೆ, ಕಡಿಮೆಯವು ಪಂಚಾಯತಿಗಳಿಗೆ. ಕೆರೆ ಸಾಲಿನಲ್ಲಿ ಮೇಲಿನದು ಒಂದರದು, ಕೆಳಗಿನದು ಇನ್ನೊಂದರದು. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಇಳಿಯುವಾಗ ಕಡತದ ಗಡಿಯನ್ನು ಕೇಳುವುದಿಲ್ಲ. ಈಡನ್‌ವಿಲ್ ಒಡೆದದ್ದೇ ಸ್ಯಾನ್‌ಫರ್ಡಿಗೆ ಮೃತ್ಯುವಾದದ್ದನ್ನು ಈಗ ತಾನೇ ಹೇಳಿದೆ.

2019ರ ಜುಲೈ 2ರ ರಾತ್ರಿ ರತ್ನಾಗಿರಿ ಜಿಲ್ಲೆಯ ಚಿಪಳೂಣ ತಾಲೂಕಿನ ತಿವರೆ ಕಟ್ಟೆ ಒಡೆದು 20ರ ಆಸುಪಾಸಿನ ಜನ ಸತ್ತರು. ಏರಿ ಜಿನುಗುತ್ತಿದೆ ಎಂದು ಊರವರು ಮೊದಲೇ ದೂರು ಕೊಟ್ಟಿದ್ದರು. ಅಲ್ಲಿ ಕಂಡವರಿದ್ದರು, ಹೇಳಿದವರಿದ್ದರು. ಹೇಳಿದ್ದು ಮಣ್ಣಿನ ತನಕ ಮುಟ್ಟಲಿಲ್ಲ. ನಮ್ಮ ಹಳ್ಳಿಗಳಲ್ಲಿ ಈ ಕಣ್ಣು ನೀರುಗಂಟಿಯದಾಗಿತ್ತು. ತೂಬು ಎತ್ತುವುದು, ಗದ್ದೆಗೆ ನೀರು ಹಂಚುವುದು ಮಾತ್ರ ಅವನ ಕೆಲಸವಲ್ಲ. ಮಳೆಯ ರಾತ್ರಿ ಏರಿ ಸುತ್ತುವುದು, ಹೊಸದಾಗಿ ಒಸರು ಕಂಡಲ್ಲಿ ಬರುವ ನೀರು ತಿಳಿಯೋ ಕದಡೋ ಎಂದು ನೋಡುವುದು ಅವನ ಕೆಲಸ. ತಿಳಿನೀರು ಬಂದರೆ ಕಾಯಬಹುದು. ಕದಡಿದ ನೀರು ಬಂದರೆ ಏರಿಯ ಮಣ್ಣೇ ಹೊರಡುತ್ತಿದೆ ಎಂದರ್ಥ. ಇವತ್ತಿನ ಯಾವ ಎಂಜಿನಿಯರೂ ಇದಕ್ಕಿಂತ ಬೇರೆ ಪಾಠ ಹೇಳುವುದಿಲ್ಲ. ನೀರುಗಂಟಿ ಈಡನ್‌ವಿಲ್ಲನ್ನು ಉಳಿಸುತ್ತಿದ್ದ ಎಂದು ನಾನು ಹೇಳುವುದಿಲ್ಲ. ಅಲ್ಲಿ ಕೊನೆಯ ಗಳಿಗೆಯ ತನಕ ಹೊರಗೆ ಕಾಣುವಂಥದು ಹೆಚ್ಚೇನೂ ಇರಲಿಲ್ಲ. ಕಣ್ಣಿಗೆ ಕಾಣುವ ದೋಷಕ್ಕೆ ಊರಿನವನೇ ಬೇಕು, ಕಾಣದ ದೋಷಕ್ಕೆ ಕೊರೆಯುವ ಯಂತ್ರವೇ ಬೇಕು. ಒಂದು ಇನ್ನೊಂದರ ಬದಲಿಗೆ ಬರುವುದಿಲ್ಲ.

ಎರಡಕ್ಕೂ ದುಡ್ಡು ಬೇಕು. ನಮ್ಮ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಬರುವ ದಾನಗಳು ಇದೇ ಕೆಲಸಕ್ಕೆ ಮೀಸಲು. ಕೆರೆಯ ನೀರಿನಿಂದ ಬೆಳೆದ ನೆಲದ ಒಂದು ಪಾಲು ಅದೇ ಕೆರೆಯ ಏರಿಗೆ, ಹೂಳಿಗೆ, ಪ್ರತಿವರ್ಷ. ಆಳುವ ವಂಶ ಬದಲಾದರೂ ಏರಿಗೆ ಬರುವ ಮಣ್ಣಿನ ಬಂಡಿ ನಿಲ್ಲದಿರಲಿ ಎಂಬ ಏರ್ಪಾಡು. ಈಡನ್‌ವಿಲ್ಲಿಗೆ ಇಂಥದ್ದೇನೂ ಇರಲಿಲ್ಲ. ಪರವಾನಗಿಯ ಜೊತೆಗೇ ಅದರ ಆದಾಯ ಸತ್ತಿತು. ಒಡೆದ ಕೆಲವೇ ತಿಂಗಳಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಆ ನಾಲ್ಕು ಕಟ್ಟೆಗಳನ್ನು ಸರಿಪಡಿಸಲು ರಾಜ್ಯ 2022ರಲ್ಲಿ 20 ಕೋಟಿ ಡಾಲರ್ ತೆಗೆದಿರಿಸಿತು. ಉಳಿದದ್ದನ್ನು ಲೇಕಿನ ಸುತ್ತಲಿನ ಆಸ್ತಿಗಳ ಮೇಲೆ ಹೇರಿ ದಶಕಗಳ ಕಾಲ ವಸೂಲು ಮಾಡಲು ಹೊರಟಿದ್ದಾರೆ. ಏರಿಯಿಂದ ಲಾಭ ಪಡೆದವರು ಏರಿಗೆ ಕೊಡಬೇಕು ಎಂಬ ಹಳೆಯ ತತ್ತ್ವಕ್ಕೆ ಅವರು ಬಂದು ತಲುಪಿದ್ದಾರೆ, ಎರಡು ಕಟ್ಟೆಗಳನ್ನು ಕಳೆದುಕೊಂಡ ಮೇಲೆ.

ನಮ್ಮ ಕಾಯ್ದೆಯ ಪ್ರಕಾರ ಅದರ ವ್ಯಾಪ್ತಿಯ ಪ್ರತಿ ಹಳೆಯ ಕಟ್ಟೆಗೂ ಮೊದಲ ಸಮಗ್ರ ಸುರಕ್ಷತಾ ಮೌಲ್ಯಮಾಪನ ಐದು ವರ್ಷದೊಳಗೆ, ಎಂದರೆ 2026ರ ಡಿಸೆಂಬರ್ ಮುಗಿಯುವುದರೊಳಗೆ ಆಗಬೇಕು. ಸಭೆಯಲ್ಲಿ ಇಲಾಖೆಯ ಕಿರಿಯ ಎಂಜಿನಿಯರುಗಳು ಅನೇಕರಿದ್ದೀರಿ. ಆ ವರದಿಗಳು ನಿಮ್ಮ ಮೇಜಿಗೆ ಬರುತ್ತವೆ. ಫೋಟೋಗಳ ಪುಟ ತಿರುಗಿಸುವ ಮೊದಲು ಏರಿಯನ್ನು ಎಷ್ಟು ಕಡೆ ಕೊರೆದರು, ಎಷ್ಟು ಆಳಕ್ಕೆ ಹೋದರು, ಸಿಕ್ಕ ಮಣ್ಣು ಎಷ್ಟು ಒತ್ತಾಗಿತ್ತು, ಕೊರೆಯದ ಭಾಗ ಯಾವುದು, ಏಕೆ ಕೊರೆಯಲಿಲ್ಲ ಎಂದು ಕೇಳಿ. ಕೊರೆಯದ ಭಾಗದ ಪಟ್ಟಿಯನ್ನು ನಿಮ್ಮ ಕೈಬರಹದಲ್ಲೇ ಬರೆದು, ವರ್ಗವಾಗಿ ಹೋಗುವ ದಿನ ನಿಮ್ಮ ಜಾಗಕ್ಕೆ ಬರುವವರನ್ನು ಏರಿಯ ಮೇಲೆ ಕರೆದೊಯ್ದು ಆ ಜಾಗಗಳನ್ನು ಒಂದೊಂದಾಗಿ ತೋರಿಸಿ. ಕಾಯ್ದೆಯ ಹೊರಗೆ ಉಳಿದ ಕೆರೆಗಳಲ್ಲಿ ಯಾವುದರ ಕೆಳಗೆ ಮನೆಗಳಿವೆ ಎಂಬ ಪಟ್ಟಿಯನ್ನು ಮಾಡಲು ಯಾವ ಕಾನೂನೂ ನಿಮ್ಮನ್ನು ತಡೆಯುವುದಿಲ್ಲ. ಅದನ್ನು ಈ ಮುಂಗಾರಿಗೆ ಮೊದಲೇ ಶುರು ಮಾಡಬಹುದು.